ಮೊಣಕೈ ಅಳತಿ

ಭಿಶಿ ಎತ್ತಿದ ರೊಕ್ಕ ಕೈಗೆ ಬಂದ ವಾರ
ಸೋಲಾಪುರ ರಸ್ತೆಯ ಶೋರೂಮಿನ ಹುಡುಗಿ
ಕಂಪ್ಯೂಟರಿನೊಳಗ ನಮ್ಮ ಅಡಿಗಿಮನಿ ತಿರುಗಿಸಿ ತೋರಿಸಿದಳು.
ಗ್ವಾಡಿಗೆ ಹೊಗಿ ಇಲ್ಲ, ಸಿಂಕಿನಾಗ ಮುಸುರಿ ಇಲ್ಲ.
ಕಟ್ಟಿ ಮ್ಯಾಲ ಒಂದು ಬಟ್ಟಲ, ಅದರಾಗ ಮೂರು ಹಸಿರು ಸೇಬು.
"ಇದು ನಿಮ್ಮದೇ ಮ್ಯಾಡಮ್" ಅಂದಳು.
ಸೇಬು ಯಾರು ತಂದರು, ನಾ ಕೇಳಲಿಲ್ಲ.

ಬಣ್ಣದ ಪುಸ್ತಕ ಮನಿಗೇ ಕೊಟ್ಟು ಕಳಿಸಿದ್ದಳು.
ಎರಡು ರಾತ್ರಿ ಅದನ್ನ ತಿರುವಿದ್ದೇ ತಿರುವಿದ್ದು.
ಬೆಣ್ಣಿ ಬಣ್ಣ, ಬೂದಿ ಬಣ್ಣ, ಮುಖ ಕಾಣುವಂಥ ಕೆಂಪು.
ಕೆಂಪಿನ ಮ್ಯಾಲ ಹಿಟ್ಟಿನ ಕೈ ಹೆಂಗ ಕಾಣತದ ಅಂತ
ಜೋಳದ ಹಿಟ್ಟು ಹಚ್ಚಿ ಒತ್ತಿ ನೋಡಿದೆ.
ಐದೂ ಬೆರಳು ಅಲ್ಲೇ ಕುಂತವು.
ಒರಸಿದ ಮ್ಯಾಲೂ ಹೆಬ್ಬೆರಳು ಹೋಗಲಿಲ್ಲ.

ಪುಸ್ತಕದಾಗ ಚಮಚಕ್ಕೊಂದು ಮನಿ, ಸೌಟಿಗೊಂದು ಮನಿ,
ಎಣ್ಣಿ ಬಾಟಲಿ ತಾನ ಹೊರಗ ಬಂದು ನಿಂದರತದ.
ರೊಟ್ಟಿ ಬಡಿಯೋ ಪರಾತಕ್ಕ ಜಾಗಾ ಇಲ್ಲ.
ಡ್ರಾವರು ಹನ್ನೆರಡು ಇಂಚು,
ನಮ್ಮ ರೊಟ್ಟಿ ಹದಿನಾಲ್ಕು.

ತಿಕೋಟಾದ ಮಾನಪ್ಪ ಪತ್ತಾರ ಪುಸ್ತಕ ಮುಟ್ಟಲೇ ಇಲ್ಲ.
ಕಿವಿ ಹಿಂದ ಪೆನ್ಸಿಲ್ಲು, ಸೊಂಟಕ್ಕ ಟೇಪು.
ಗ್ವಾಡಿ ಬಡಿದು ಕೇಳಿದ, ಮೂಲ್ಯಾಗ ಬಗ್ಗಿ ಒರಲಿ ಹುಡುಕಿದ,
ನಳದ ಬಾಯಿಗೆ ಕಟ್ಟಿದ ಬಿಳಿ ಉಪ್ಪು ಉಗುರಿನಿಂದ ಕೆರೆದ.
"ಈ ನೀರಿಗೆ ಯಾ ಪ್ಲೈವುಡ್ಡೂ ತಡಿಯೂದಿಲ್ರಿ,
ಸಿಂಕಿನ ಕೆಳಗ ಕಡಪಾ ಕಲ್ಲ ನಿಲ್ಲಸ್ತೀನಿ.
ಮ್ಯಾಲಿನ ಹಲಗಿಗೆ ಅರ್ಧ ಇಂಚಿನ ತಡಿಪಟ್ಟಿ,
ಇಲ್ಲಂದ್ರ ರೊಟ್ಟಿ ಬಡದಂಗ ಬಡದಂಗ
ಗುರೆಳ್ಳಿನ ಡಬ್ಬಿ, ಅಗಸಿ ಡಬ್ಬಿ
ನಡಕೋತ ನಡಕೋತ ಬಂದು ತಲಿ ಮ್ಯಾಲ ಬೀಳತಾವ."

ಆಮ್ಯಾಲ ಟೇಪು ಎಳದು ಕೇಳಿದ:
"ಅಕ್ಕಾರ, ರೊಟ್ಟಿ ಬಡಿಯವರು ಯಾರು?
ಬಂದು ಇಲ್ಲಿ ನಿಂದರ್ರಿ. ಮೊಣಕೈ ಮಡಚರಿ."

ಒಂದು ಹೆಜ್ಜಿ ಇಟ್ಟೆ. ನಿಂತೆ.

ಈ ಮನಿ ಕಟ್ಟಿಸಿದವರು ಎತ್ತರದ ಮಂದಿ.
ಹತ್ತೊಂಬತ್ತು ವರ್ಷ ಮಣಿ ಮ್ಯಾಲ ನಿಂತು
ಎದಿ ಮಟ್ಟದ ಕಟ್ಟಿಯೊಳಗ ಬಡದೀನಿ.
ಭುಜ ಕೈ ಕೊಟ್ಟಿದ್ದು ಹೋದ ದೀಪಾವಳಿಗೆ.
ಅವತ್ತಿನಿಂದ ಬೆಳಗಿನ ಐದೂವರಿಗೆ
ಅಡಿಗಿಮನಿ ಬಾಗಲಾ ಮುಂದ ಮಾಡಿಕೊಂಡು
ಡಿಪೋಕ್ಕ ಹೋಗೂಕಿಂತ ಮೊದಲ
ಬಡಿಯವರು ಇವರು.

ಓಣಿಯವರಿಗೆ ಸಪ್ಪಳ ಕೇಳತದ, ಕೈ ಕಾಣೂದಿಲ್ಲ.
"ನಿನ್ನ ಭುಜ ಆರಾಮ ಆತೇನ ನೀಲವ್ವಾ" ಅಂತ
ಎದುರಿನ ಮನಿ ಶಾವಂತ್ರಕ್ಕ ಕೇಳಿದಾಗೆಲ್ಲ
"ಹೂಂ" ಅನ್ನೋದೇ ರೂಢಿ ಆಗ್ಯದ.

ಮಾನಪ್ಪನ ಟೇಪು ಹಂಗೇ ಗಾಳ್ಯಾಗ.
ಪಡಸಾಲ್ಯಾಗ ಪೇಪರು ಮಡಚಿದ ಸಪ್ಪಳ.
ಇವರು ಬಂದರು, ಅಂಗಿ ತೋಳ ಏರಿಸಿದರು,
ಗ್ವಾಡಿಗೆ ಬೆನ್ನು ಹಚ್ಚಿ ಮೊಣಕೈ ಮಡಚಿ ನಿಂತರು,
ಡ್ರೈವಿಂಗ್ ಪರೀಕ್ಷೆಗೆ ನಿಂತ ಹುಡುಗನಂಗ.
ಮಾನಪ್ಪ ಏನೂ ಅನ್ನಲಿಲ್ಲ. ಒಂದು ಗೆರಿ ಎಳದ.
"ಸಾರು ಕುದಸವರು ನೀವ ಹೌದಲ್ರಿ ಅಕ್ಕಾರ?"
ನಾನೂ ನಿಂತೆ.
ನಾಲ್ಕು ಇಂಚು ಕೆಳಗ ಇನ್ನೊಂದು ಗೆರಿ.

ಫೋನಿನಾಗ ಶೋರೂಮಿನ ಹುಡುಗಿಗೆ ಹೇಳಿದರ
"ಮಧ್ಯ ಮೆಟ್ಟಲ ಬಂದ್ರ ಲೈನ್ ಮುರೀತದ ಮ್ಯಾಡಮ್,
ಫೋಟೋದಾಗ ಚಂದ ಬರೂದಿಲ್ಲ" ಅಂದಳು.
ಮುರೀಲಿ ಬಿಡವಾ ಅಂದೆ.

ಡ್ರಾವರಿನ ಅಳತಿಗೆ ಒಂದು ಕಟಕ್ ರೊಟ್ಟಿ ಕೊಟ್ಟೆ.
ಅಡ್ಡ ಹಿಡದ, ಉದ್ದ ಹಿಡದ, ಎರಡೂ ಬ್ಯಾರೆ ಬ್ಯಾರೆ ಬಂತು.
ದೊಡ್ಡದು ಬರಕೊಂಡ.
ಶೇಂಗಾ ಹಿಂಡಿ ಹಚಗೊಂಡು ಅದನ್ನೇ ಮುರಕೊಂಡು ತಿಂದು
ಇವರ ಕಡೆ ನೋಡಿ,
"ಒಂದ ಬಾಜು ದಪ್ಪ ಆಗ್ಯದ್ರಿ" ಅಂದ.

ಬಣ್ಣ ಇನ್ನೂ ಆಗಿಲ್ಲ.
ಇವರು ಕೆಂಪೇ ಅಂತಾರ.
ಕೆಂಪಿನ ಮ್ಯಾಲ ಹಿಟ್ಟಿನ ಕೈ ಎದ್ದು ಕಾಣತದ,
ಬಂದವರು ಬೆರಳ ಗಾತ್ರ ನೋಡತಾರ, ಅಂದೆ.
ಮೂವತ್ತು ವರ್ಷ ಕೆಂಪ ಬಸ್ಸಿನ ಗ್ರೀಸು ಒರಸಿದ ಮನುಷ್ಯಾ
ಪುಸ್ತಕದಾಗಿನ ಆ ಹೆಬ್ಬೆರಳಿನ ಮ್ಯಾಲ
ತಮ್ಮ ಹೆಬ್ಬೆರಳು ಇಟ್ಟು ನೋಡಿ
"ಒರಸೋದು ನನಗ ಬರತದ" ಅಂದರು.