ದೋಷ ಸಂಖ್ಯೆ ನಾಲ್ಕುನೂರ ಹನ್ನೆರಡು

ವ್ಲಾಸ್ತಾ, ನಿನ್ನ ಆಟದ ಕೋಟೆಯೊಳಗೆ ಮೂರು ರಾತ್ರಿ ಕಳೆದೆ.
ಬರ್ನೊದ ಕೊನೆಯ ಟ್ರಾಮು ಹೋಗಿ ಕಿಟಕಿ ನಡುಗುವುದು ನಿಂತಮೇಲೆ
ನಿನ್ನ ಗಂಟೆಗೋಪುರವೊಂದೇ ನನ್ನ ಕೋಣೆಯಲ್ಲಿ ಉಳಿಯುತ್ತಿತ್ತು.

ಮೊದಲು ಬೈಗುಳ.
ಮೂರನೆಯವಳು, ಆ ಮೇಣದ ಮಠದಮ್ಮ,
ಕತ್ತಿ ತಾಕದಿದ್ದರೂ ಕೊಲ್ಲುತ್ತಾಳೆ.
ಗೇಣು ದೂರದ ಗಾಳಿಗೇ ನನ್ನ ಪ್ರಾಣ ಹೋಯಿತು,
ಹದಿನೇಳು ಸಲ.
ಸತ್ತರೆ ಎದ್ದೇಳುವುದು ಒಂಬತ್ತು ಕೋಣೆ ಹಿಂದೆ:
ಅದೇ ಬಾವಲಿ, ಅದೇ ಮುರುಕು ಮೆಟ್ಟಿಲು.
ಎಂಟನೆಯ ಸಲಕ್ಕೆ ಭಯ ಸವೆದು
ಬರೀ ದಾರಿಯಾಗಿಬಿಡುತ್ತದೆ.
ಕಥೆಯೋ, ಗೋರಿಗೊಂದು ಶಾಸನ;
ಯಾರು ಯಾರ ತಂಗಿಯೋ, ಮರೆತೆ.

ಆದರೆ ಆ ಹಿತ್ತಾಳೆ ಬಾಗಿಲು!
ಮೊದಲ ಹತ್ತು ನಿಮಿಷದಲ್ಲೇ ತೋರಿಸಿ, ತೆರೆಯದೆ,
ನನ್ನನ್ನು ನೆಲಮಾಳಿಗೆಗೆ ಅಟ್ಟಿದೆ.
ಆರು ಗಂಟೆ ಕಳೆದು, ದಾರಿ ತಪ್ಪಿತೆಂದುಕೊಂಡು
ಸುಮ್ಮನೆ ಒಂದು ಅಗುಳಿ ಎಳೆದರೆ,
ಅದೇ ಬಾಗಿಲು, ಒಳಗಿನಿಂದ.
ಒಬ್ಬನೇ ನಕ್ಕೆ. ಚಹಾ ಆರಿತ್ತು.

ಇನ್ನು ಪೂರ್ವದ ಪಡಸಾಲೆ,
ದುಡ್ಡು ಮುಗಿಯಿತೆಂದು ನೀನು ಹಾಗೇ ಬಿಟ್ಟದ್ದು.
ದೀಪವಿಲ್ಲ, ವೈರಿಯಿಲ್ಲ, ಸಂಗೀತವೂ ಇಲ್ಲ.
ನನ್ನ ಹೆಜ್ಜೆಗೆ ಸದ್ದು ಕೂಡ ಕೊಟ್ಟಿಲ್ಲ.
ಗುಂಡಿ ಒತ್ತುತ್ತ ಹೋದೆ, ಹೋದೆ,
ಗೋಡೆ ಬರಲಿ ಎಂದು ಹಂಬಲಿಸಿದೆ.
ದೋಷವೆಂದು ಬರೆದೆ, ಸಂಖ್ಯೆ ಹಾಕಿದೆ,
ಬರೆದು, ಎದ್ದು,
ಬಚ್ಚಲಿನ ದೀಪವನ್ನೂ ಹಾಕಿಬಂದೆ.

ಅದನ್ನು ಸರಿಪಡಿಸಬೇಡ.
ಮೇಣದವಳ ಕೈ ಮಾತ್ರ
ಒಂದಿಷ್ಟು ಗಿಡ್ಡ ಮಾಡು.
                    ರಾಡೆಕ್