ಒಂದು ನೂಲು ಓರೆ

ಶಿರಾ ಗೇಟಿನ ನಮ್ಮ ಅಂಗಡಿಗೆ
ಆ ಕಾರು ಬಂದದ್ದು ನನಗೆ ಕೇಳಿಸಲಿಲ್ಲ.
ತಲೆಯೆತ್ತಿದರೆ ಶಟರಿನ ಬಾಯಲ್ಲಿ ನಿಂತಿದೆ,
ಬೂದಿ ಬಣ್ಣ, ಮೂಗಿಲ್ಲದ ಮುಖ.
ಉಸಿರಾಡುವ ಇಂಜಿನ್ನೇ ಇಲ್ಲದ ಮೇಲೆ
ಜಾಲರಿ ಯಾಕೆ, ಹೊಳ್ಳೆ ಯಾಕೆ?
ಕೆಳಗೆ, ಗದ್ದದ ಹತ್ತಿರ,
ಸೀಳಿದ ಹಸಿರು ತಗಡೊಂದು
ಒಂದೇ ಕಿವಿಯಲ್ಲಿ ನೇತಾಡುತ್ತಿತ್ತು.

ಇಳಿದವರು ಗಂಗಹನುಮಕ್ಕ,
ಕೊರಟಗೆರೆ ಕಡೆ ಮೂವತ್ನಾಲ್ಕು ವರ್ಷ ಹೆರಿಗೆ ನರ್ಸು.
ಅರವತ್ತೊಂದಕ್ಕೆ ಲೈಸೆನ್ಸು ಮಾಡಿಸಿ
ಪಿಂಚಣಿ ದುಡ್ಡಲ್ಲಿ ಕಾರು ತಗೊಂಡವರು.
"ಅಂತರಸನಹಳ್ಳಿ ಮಾರ್ಕೆಟ್ಟಲ್ಲಿ ಕಣಪ್ಪ,
ಹುಣಸೆಹಣ್ಣಿನ ಆಟೋದೋನು ರಿವರ್ಸ್ ಬಂದ.
ಹಿಂದೇನೆ ಇದ್ದೆ ನಾನು. ಕೇಳಿಸಲೇ ಇಲ್ವಂತೆ.
ಬೈಯೋಣ ಅಂದ್ರೆ, ಅವನು ಹೇಳೋದೂ ನಿಜ."

ಹೊಸ ಪ್ಲೇಟು ಬಂದು ಮೂರು ದಿನವಾಗಿತ್ತು.
ಕವರು ಹರಿದು ಕೈಗೆ ಕೊಟ್ಟೆ.
ಅದೇ ಹಸಿರು, ಅದೇ ಬಿಳಿ ಅಂಕಿ,
ಮೂಲೆಯಲ್ಲಿ ಮಿನುಗುವ ಪುಟ್ಟ ಚಕ್ರ.
ಕನ್ನಡಕ ಏರಿಸಿಕೊಂಡು, ಬೆರಳಿಟ್ಟು
ಹಳೆಯದರ ಜೊತೆ ಒಂದೊಂದೇ ತಾಳೆ ನೋಡಿದರು.
"ಕೂಸುಗಳ ಮುಂಗೈಗೆ ನಂಬರ್ ಕಟ್ತಿದ್ದೋಳು ನಾನು.
ತಾಯಿಗೊಂದು, ಮಗೀಗೊಂದು, ಎರಡೂ ಒಂದೇ ಇರಬೇಕು.
ಒಂದ್ಸಲ ತಪ್ಪಿತ್ತು. ಅರ್ಧ ಗಂಟೆ."
ಆ ಅರ್ಧ ಗಂಟೆಯ ಬಗ್ಗೆ ಮುಂದೆ ಏನೂ ಹೇಳಲಿಲ್ಲ.

ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.
ಹಳೇ ರಿವೆಟ್ಟಿನ ತಲೆಗೆ ಡ್ರಿಲ್ಲು ಹಿಡಿದೆ.
ಇವನ್ನು ಬಿಚ್ಚುವುದಿಲ್ಲ, ಕೊಲ್ಲುವುದು.
ಒಂದೇ ಸಲ ಬೀಳುವ ಬೀಗ, ಕೀಲಿ ಇಲ್ಲ.
ಅಲ್ಯೂಮಿನಿಯಂ ಪುಡಿ ಮೀಸೆಗೆ ಹತ್ತಿತು.
ಹೊಸದನ್ನು ಕೂರಿಸಿ ಎಡಗಡೆ ಒತ್ತಿದೆ, ಟಕ್.
ಬಲಗಡೆಗೆ ವಾಲಿ, ಮೊಣಕಾಲು ಬಂಪರಿಗೆ ಆನಿಸಿ,
ಎರಡನೆಯದರ ಹಿಡಿ ಅಮುಕುತ್ತಿದ್ದೆ

ಕಾರು ನನ್ನ ಮೇಲೆ ಬಂತು.

ಗೇಣುದ್ದ, ಅಷ್ಟೇ.
ಗುಡುಗಿಲ್ಲ, ನಡುಕವಿಲ್ಲ, ಹೊಗೆಯಿಲ್ಲ.
ಬೆಕ್ಕು ಮಗ್ಗುಲಿಗೆ ಬಂದು ಒರಗುವಂತೆ
ಒಂದೂವರೆ ಟನ್ನು ನನ್ನ ಎದೆಗೆ ಒರಗಿ
ನಿಂತಿತು.

ಬಿಸಿಲೆಂದು ಒಳಗೆ ಕೂತು ಎಸಿ ಹಾಕಹೋಗಿದ್ದರಂತೆ,
ಯಾವ ಗುಬುಟು ತಿರುಗಿತೋ ಅವರಿಗೇ ಗೊತ್ತಿಲ್ಲ.
ಹಿಂದಕ್ಕೆ ತೆಗೆದು, ಇಳಿದು ಓಡಿ ಬಂದು
ನನ್ನ ಅಂಗಿಯೊಳಗೆ ಕೈಹಾಕಿ ಪಕ್ಕೆ ಮುಟ್ಟಿ
ಗಡಿಯಾರ ನೋಡುತ್ತಾ ನಾಡಿ ಎಣಿಸಿದರು.
"ಕೂಗಪ್ಪ. ಬಾಯಿಬಿಟ್ಟು ಒಂದ್ಸಲ ಕೂಗು."
ನಾನು ಕೂಗಿದೆ.
ಎದುರಿನ ಪಂಕ್ಚರ್ ಅಂಗಡಿಯವನು ಎದ್ದು ನಿಂತ.

ಆಮೇಲೆ ಕಾರಿನ ಕಡೆ ತಿರುಗಿ
ಬಾನೆಟ್ಟಿಗೊಂದು ಬಾರಿಸಿದರು, ಅಂಗೈಯಲ್ಲಿ.
"ಅಳದೆ ಹುಟ್ಟೋ ಕೂಸಿಗೇ ನಾವು ಹೆದರ್ತಿದ್ದದ್ದು.
ಕಾಲು ಹಿಡಿದು ಬೆನ್ನು ತಟ್ತಿದ್ವಿ.
ಇದಕ್ಕೆ ಎಲ್ಲಿ ತಟ್ಲಿ, ಹೇಳು?"

ಆಗ ಕಂಡಿತು: ಆ ನೂಕಿನಲ್ಲೇ
ಎರಡನೇ ರಿವೆಟ್ಟು ಬಿಗಿದುಬಿಟ್ಟಿತ್ತು.
ಬಲಗಡೆ ಒಂದು ನೂಲು ಕೆಳಗೆ.
ಬೇರೆಯವರಿಗೆ ಕಾಣದು, ನನಗೆ ಅದೊಂದೇ ಕಾಣುತ್ತದೆ.
"ಕೊರೆದು ತೆಗೀತೀನಿ ಅಕ್ಕ, ದುಡ್ಡು ಬೇಡ."
ಅವರು ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ,
"ನಂಬರ್ ಸರಿ ಐತೆ ತಾನೆ? ಬಿಡು.
ಇನ್ನೊಂದ್ಸಲ ಇದರ ಮುಂದೆ ಕೂರಬೇಡ."

ಹಳೇ ತಗಡನ್ನು ಎರಡು ತುಂಡು ಮಾಡಿ
ಗೋಣಿಚೀಲಕ್ಕೆ ಹಾಕಿದೆ, ರಿಜಿಸ್ಟರಿಗೆ ಸಹಿ ಪಡೆದೆ.
ಗುಬ್ಬಿ ರಸ್ತೆಯಲ್ಲಿ ಒಮ್ಮೊಮ್ಮೆ ಸಿಗುತ್ತದೆ ಆ ಕಾರು,
ಕಿವಿಗೆ ಮೊದಲು ಕಣ್ಣಿಗೆ, ಓರೆಯಿಂದ ಗುರುತು ಹಿಡಿಯುತ್ತೇನೆ.

ಈಗ ಯಾವ ಗಾಡಿಯ ಮುಂದೆ ಬಗ್ಗುವ ಮೊದಲೂ
ಬಾನೆಟ್ಟಿಗೆ ಎರಡೇಟು ತಟ್ಟುತ್ತೇನೆ,
ಎಚ್ಚರ ಇದ್ದೀಯಾ ಎಂದು.
ಡೀಸೆಲ್ ಗಾಡಿಯವರು
ಗಡಗಡ ಅನ್ನುವ ಇಂಜಿನ್ನಿನ ಹಿಂದೆ ಕೂತು ನಗುತ್ತಾರೆ.