ಆಂಡಾ?

ಬೆಳಿಗ್ಗೆ ಐದೂಕಾಲು, ಬೋಳಾರದ ಓಣಿ.
ಹಗ್ಗದ ಈ ತುದಿಗೆ ನಾನು,
ಆ ತುದಿಗೆ ಒಂದೂವರೆ ಕಿಲೋ
ಪಮೇರಿಯನ್ ಹಠ: ಗೋಳಿಬಜೆ.

ಎಲ್ಲ ಮೂಸುತ್ತದೆ: ಕಂಬ, ರಿಕ್ಷಾದ ಚಕ್ರ,
ಬಿದ್ದ ಗೇರುಹಣ್ಣು, ಕುಡ್ವ ಮಾಸ್ಟ್ರ ಗೇಟು.
ಕೂರುವುದೊಂದು ಬಿಟ್ಟು.

ಧಕ್ಕೆಗೆ ಹೊರಟ ಅಪ್ಪಿಯಕ್ಕ, ಖಾಲಿ ಬುಟ್ಟಿ ಸೊಂಟಕ್ಕೆ,
ದಿನಾ ಕೇಳುತ್ತಾಳೆ: "ಆಂಡಾ?"
"ಇಜ್ಜಿ."
ಅವಳು ನಗುತ್ತಾಳೆ. ಇದೂ ಬಾಲ ಆಡಿಸುತ್ತದೆ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ
ಅಜ್ಜಿಯ ಚಾಪೆ ಮೇಲೆ ಬೆಚ್ಚಗಿನ ಭೂಪಟ.
ಇದಕ್ಕೆಂದೇ ಹಾಸಿದ ಪೇಪರು
ಗರಿಗರಿ, ಇನ್ನೂ ಓದಬಹುದು.

ಇಪ್ಪತ್ಮೂರನೇ ದಿನ, ಕುಡ್ವರ ಗೇಟಿನೆದುರೇ
ಹಿಂಗಾಲು ಮಡಚಿತು.
ಉಸಿರು ಹಿಡಿದೆ.
ಕೆಂಪು ಮಣ್ಣು ಅಂಗೈಯಗಲ ಕಪ್ಪಾಯಿತು.

ತಿರುವಿನಲ್ಲಿ ಮರೆಯಾಗುತ್ತಿದ್ದ ಬುಟ್ಟಿಗೆ
ಕೂಗಿದೆ: "ಅಪ್ಪಿಯಕ್ಕಾ, ಆಂಡ್!"

ಮೂರು ಮನೆಯ ದೀಪ ಹತ್ತಿದವು.
ಕುಡ್ವ ಮಾಸ್ಟ್ರು ಲುಂಗಿ ಬಿಗಿಯುತ್ತಾ ಬಂದರು,
"ಎಂತ ಆಯ್ತು ಮಾರಾಯ್ತಿ?"